ಇಪ್ಪತ್ತು ನಿಮಿಷದ ಬೇನೆ

ಬಿಳಿಯ ಗೋಡೆಯ ಮುಂದೆ ಬಾನೆಟ್ ಎತ್ತಿಕೊಂಡು ನಿಂತ ಒಂದು ಕಪ್ಪು ಕಾರು. ಆ ವರ್ಷದ ಬೇಸಿಗೆಯನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಅದೇ. ಎಂಜಿನ್ನಿನ ಮೇಲೆ ಬಗ್ಗಿದ ಡ್ರೈವರ್ ಫಕೀರಪ್ಪನ ಬೆನ್ನು, ಸುತ್ತ ಮಾತಿಲ್ಲದೆ ನಿಂತ ನಾಲ್ಕಾರು ಜನ, ಒಳಗೆ ಯಾರೋ ಜಡ್ಡಾಗಿ ಮಲಗಿರುವ ಮನೆಯ ಅರ್ಧ ಮುಚ್ಚಿದ ಬಾಗಿಲು. ದಾರಿಯಲ್ಲಿ ಹೋಗುವವರು ದೂರದಿಂದಲೇ ಅದನ್ನು ಕಂಡು ದನಿ ತಗ್ಗಿಸುತ್ತಿದ್ದರು. ಡಾಕ್ಟರಬಾಯಿಯ ಕಾರು ಯಾರ ಮನೆಯ ಮುಂದೆ ಬಾನೆಟ್ ಎತ್ತಿತೋ ಆ ಮನೆಯ ರೋಗಿಯ ಆಸೆ ಬಿಟ್ಟಂತೆಯೇ ಎಂದು ಊರಿಗೆ ಊರೇ ನಂಬಿತ್ತು.

ಆ ಕಾರನ್ನು ರಿಪೇರಿ ಮಾಡುತ್ತಿದ್ದವನು ನಾನು. ಊರಿಗೆ ಇದ್ದದ್ದು ಒಂದೇ ಗ್ಯಾರೇಜು, ಅದು ನನ್ನದು. ರೋಗಿಗಳ ಮನೆಗೇ ಹೋಗಿ ನೋಡುವ ಡಾಕ್ಟರೂ ಒಬ್ಬರೇ, ಅವರು ಕೃಷ್ಣಾಬಾಯಿ. ಎಲ್ಲರಿಗೂ ಅವರು ಬಾಯಾರು. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಅವರ ಕಾರಿಗೂ ವಯಸ್ಸಾಗಿತ್ತು, ಆದರೆ ಗಟ್ಟಿ ಜೀವ. ಬೆಳಗ್ಗೆ ಸೆಲ್ಫ್ ಮುಟ್ಟಿದರೆ ಸಾಕು, ಎದ್ದು ಕೂರುತ್ತಿತ್ತು. ದಾರಿಯಲ್ಲಿ ಎಂದೂ ನಿಂತದ್ದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಸರಾಗವಾಗಿ ಓಡುತ್ತ ಓಡುತ್ತ ಯಾವುದೋ ಒಂದು ಮನೆಯ ಮುಂದೆ ಮಾತ್ರ ಹಟ ಹಿಡಿಯುತ್ತಿತ್ತು. ಫಕೀರಪ್ಪ ಬೆವರು ಸುರಿಸಿ ಬ್ಯಾಟರಿ ಸುಸ್ತಾಗುವವರೆಗೆ ಹೆಣಗುತ್ತಿದ್ದ. ಗಂಟೆ ಕಳೆದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಅದು ತಾನಾಗಿಯೇ ಚಾಲೂ ಆಗುತ್ತಿತ್ತು.

ಮೊದಲು ಹೀಗಾದದ್ದು ಪತ್ತಾರ ಕಾಳಪ್ಪನ ಮನೆಯ ಮುಂದೆ. ಕಾಳಪ್ಪ ಮರುದಿನ ತೀರಿಕೊಂಡ. ಎರಡನೆಯದು ಕಿರಾಣಿ ಅಂಗಡಿಯವರ ಮುದುಕಿ, ಆಕೆಯೂ ವಾರದೊಳಗೆ ಹೋದಳು. ಮೂರನೆಯದಕ್ಕೆ ಜನ ಬೆರಳು ಮಡಿಸತೊಡಗಿದರು. ಊರಿನ ಲೆಕ್ಕಪತ್ರ ನೋಡುತ್ತಿದ್ದ ನಿವೃತ್ತ ತಲಾಟಿಯೊಬ್ಬರು ಕಿಟಕಿಯಿಂದ ಎದ್ದ ಬಾನೆಟ್ಟನ್ನು ಕಂಡು ಮಕ್ಕಳನ್ನೆಲ್ಲ ಕರೆಸಿ ಕೊನೆಯ ಮಾತುಗಳನ್ನೂ ಹೇಳಿಬಿಟ್ಟರು. ಅವರು ಮುಂದೆ ಚೆನ್ನಾಗಿಯೇ ಬದುಕಿದರು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೂ ಬದುಕಿ ಉಳಿದದ್ದಕ್ಕೆ ಅವರಿಗೇ ಒಂದಿಷ್ಟು ಮುಜುಗರವಾಗಿತ್ತು.

ನಾನು ನಾಲ್ಕು ತಿಂಗಳಲ್ಲಿ ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ, ಪೆಟ್ರೋಲ್ ಪಂಪು ಬಿಚ್ಚಿ ಕಟ್ಟಿದೆ, ಹೊಸ ಬ್ಯಾಟರಿ ಕೂಡಿಸಿದೆ. ಗ್ಯಾರೇಜಿಗೆ ತಂದರೆ ಆ ಕಾರು ಸಾಹೇಬರ ಮುಂದೆ ಪಾಠ ಒಪ್ಪಿಸುವ ಹುಡುಗನಷ್ಟು ಶಿಸ್ತಾಗಿ ಚಾಲೂ ಆಗುತ್ತಿತ್ತು. ಜನರ ಮುಂದೆ ನಾನು ಈ ಮಾತಿಗೆಲ್ಲ ನಗುತ್ತಿದ್ದೆ. ಒಳಗೊಳಗೆ ನನಗೂ ಅಂಜಿಕೆಯಿತ್ತು. ಕಾರಣ ಸಿಗದ ಮಿಸ್ತ್ರಿಯಷ್ಟು ಬೇಗ ದೆವ್ವವನ್ನು ನಂಬುವವನು ಬೇರೊಬ್ಬನಿಲ್ಲ ಎಂದು ನನಗೆ ಆಗ ತಿಳಿಯಿತು.

ಹೀಗಿರುವಾಗ ಒಂದು ಬೆಳಗ್ಗೆ ನನ್ನ ಭಾವ ಬಂದ. ಅಕ್ಕ ನಿಂಗವ್ವನನ್ನು ಕೊಟ್ಟಿದ್ದು ಎಂಟು ಮೈಲಿ ಆಚೆಯ ಕಲ್ಲುಗಣಿಯ ವಸತಿಗೆ. ಹೆರಿಗೆಯಾಗಿ ಒಂಬತ್ತು ದಿನ. ಮೂರು ದಿನದಿಂದ ಜ್ವರ ಇಳಿದಿಲ್ಲ, ಮಾತು ತೊದಲುತ್ತಿದೆ, ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬರುವ ಸ್ಥಿತಿಯಲ್ಲಿಲ್ಲ ಎಂದ. ನಾನು ಅವನನ್ನು ಕರೆದುಕೊಂಡು ಬಾಯಾರ ಬಳಿಗೆ ಓಡಿದೆ. ಅವರು ಎಲ್ಲ ಕೇಳಿ, ದಿನಾ ಇಂಜೆಕ್ಷನ್ ಬೇಕಾಗುತ್ತದೆ, ಈಗಲೇ ಹೊರಡೋಣ ಎಂದು ಎದ್ದರು. ಭಾವ ಎದ್ದೇಳಲಿಲ್ಲ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಆ ಗಾಡಿ ಬ್ಯಾಡಂತ್ರಿ," ಎಂದ ನೆಲ ನೋಡುತ್ತ. "ನಮ್ಮವ್ವ ಅಷ್ಟ ಅಲ್ರಿ, ನಿಂಗೀನ ಅಳಾಕತ್ತಾಳ. ಆ ಗಾಡಿ ಬಂದು ನಮ್ಮ ಬಾಗಲದಾಗ ಕೆಟ್ಟು ನಿಂತ್ರ ನಾ ಉಳಿಯೂದಿಲ್ಲ ಅಂತಾಳ್ರಿ."

"ವಸತಿ ಹೊರಗ ನಿಲ್ಲಸ್ತೇವಿ. ನಾ ನಡಕೊಂಡ ಬರ್ತೀನಿ," ಎಂದರು ಬಾಯಾರು.

"ಎಲ್ಲಾ ಬಯಲ್ರಿ. ಎಲ್ಲಿ ನಿಂತರೂ ಕಾಣತೈತಿ."

ಬಾಯಾರು ಮತ್ತೆ ಕುರ್ಚಿಯಲ್ಲಿ ಕೂತರು. ದಿನಾ ಹೋಗಿಬರಲು ಆ ವಸತಿಗೆ ಬೇರೆ ವಾಹನವಿರಲಿಲ್ಲ, ಎತ್ತಿನ ಗಾಡಿಯಾದರೆ ದಿನವೆಲ್ಲ ದಾರಿಯಲ್ಲೇ ಕಳೆಯುತ್ತಿತ್ತು. ಕೊನೆಗೆ ಒಂದು ದಿನದ ಮಾತ್ರೆ ಕೊಟ್ಟು ಭಾವನನ್ನು ಕಳಿಸಿದರು. ನಂತರ ನನ್ನ ಕಡೆ ತಿರುಗಿ, "ಈ ಮಾತ್ರಿ ನಾಳೆ ಮುಂಜಾನಿತನಾ ಅಷ್ಟ. ಗಾಡಿ ಕೆಡೂದಿಲ್ಲಂತ ನೀವು ನನಗ ಖಾತ್ರಿ ಕೊಡಬೇಕು," ಎಂದರು.  ಖಾತ್ರಿ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಗ ನಾನು ನಾಲ್ಕು ತಿಂಗಳು ಮಾಡದೆ ಇದ್ದ ಕೆಲಸವನ್ನು ಮಾಡಿದೆ. ಮಕ್ತುಂಸಾಬ ಮಿಸ್ತ್ರಿಯ ಮನೆಗೆ ಹೋದೆ. ಬೇರೆ ಊರಿನಲ್ಲಿ ನಲವತ್ತು ವರ್ಷ ಲಾರಿ, ಕಾರು ರಿಪೇರಿ ಮಾಡಿ, ಕೈ ನಡುಗತೊಡಗಿದ ಮೇಲೆ ಸ್ಪ್ಯಾನರು ಕೆಳಗಿಟ್ಟು, ಹತ್ತಿ ಗಿರಣಿಯ ಹಿಂದೆ ಮಗಳ ಮನೆಯಲ್ಲಿದ್ದ ಮುದುಕರು ಅವರು. ಅವರ ಹೆಸರು ಗೊತ್ತಿದ್ದೂ ಹೋಗಿರಲಿಲ್ಲ. ನನ್ನ ಗ್ಯಾರೇಜಿನ ಕಾರಿಗೆ ಇನ್ನೊಬ್ಬರನ್ನು ಕರೆಯುವುದೇ ಎಂಬ ಜಂಭ, ಬೇರೇನಲ್ಲ.

ಅವರು ಹೊರಸಿನ ಮೇಲೆ ಕೂತು ನನ್ನ ಕತೆಯನ್ನೆಲ್ಲ ಕೇಳಿದರು.

"ಬ್ಯಾನಿ ಬಂದಾಗ ಗಾಡಿ ನೋಡಿಯೇನು?" ಎಂದು ಕೇಳಿದರು.

"ಇಲ್ರಿ. ನಾ ಹೋಗಿ ಮುಟ್ಟೂದ್ರಾಗ ಆರಾಮ ಆಗಿರತೈತ್ರಿ."

"ಹಂಗಾರ ಇಷ್ಟ ದಿವಸ ನೀ ಆರಾಮ ಇದ್ದ ಗಾಡಿಗೆ ಔಷಧ ಕೊಟ್ಟೀದಿ," ಎಂದು ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ನಾನು ಅವರನ್ನು ಬಾಯಾರ ಮನೆಯ ಮುಂದೆ ನಿಂತಿದ್ದ ಕಾರಿನ ಹತ್ತಿರ ನೇರ ಕರೆದೊಯ್ದೆ. ಅವರು ಅದರ ಕಡೆ ಕಣ್ಣೆತ್ತಿಯೂ ನೋಡದೆ ಒಳಗೆ ಹೋಗಿ ಬಾಯಾರ ಮುಂದೆ ಕೂತರು. "ಬಾಯಾರ, ಯಾರ ಮನಿಗೆ ಎಷ್ಟಕ್ಕ ಹೋದ್ರಿ, ಎಷ್ಟಕ್ಕ ಹೊರಬಿದ್ರಿ, ಬರದಿಡತೀರೇನ್ರಿ?" ಎಂದರು. ಬಾಯಾರಿಗೆ ಆ ಅಭ್ಯಾಸವಿತ್ತು. ಯಾವ ರೋಗಿಯನ್ನು ಎಷ್ಟು ಹೊತ್ತಿಗೆ ನೋಡಿದೆನೆಂದು ಗಡಿಯಾರ ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು.

"ಗಾಡಿ ಕೆಟ್ಟ ಮನಿ ಅಷ್ಟ ಮೊದಲ ಓದ್ರಿ. ಎಷ್ಟ ಹೊತ್ತು ಕುಂತ್ರಿ, ಅದನ್ನ ಹೇಳ್ರಿ ಸಾಕು."

ಬಾಯಾರು ಪುಟ ತಿರುಗಿಸಿ ಓದತೊಡಗಿದರು. ಕಾಳಪ್ಪನ ಮನೆ, ಇಪ್ಪತ್ತೆರಡು ನಿಮಿಷ. ಕಿರಾಣಿಯವರ ಮನೆ, ಹದಿನೆಂಟು. ತಲಾಟಿಯವರದು, ಇಪ್ಪತ್ತೈದು. ಹೀಗೆ ಒಂಬತ್ತು ಮನೆ. ಹದಿನೈದಕ್ಕೆ ಕಡಿಮೆ ಒಂದೂ ಇಲ್ಲ, ಅರ್ಧ ಗಂಟೆಗೆ ಹೆಚ್ಚೂ ಒಂದಿಲ್ಲ. ಆಮೇಲೆ ಕಾರು ಸಲೀಸಾಗಿ ಎದ್ದ ಮನೆಗಳು: ಐದು ನಿಮಿಷ, ಏಳು, ನಾಲ್ಕು, ಆರು. ನಡುವೆ ಎರಡು ಮನೆಗಳು ಮಾತ್ರ ಬೇರೆ. ಅಲ್ಲಿ ಬಾಯಾರು ಎರಡೆರಡು ತಾಸು ಕೂತಿದ್ದರು, ಆ ಇಬ್ಬರೂ ಅವರ ಎದುರಿಗೇ ಪ್ರಾಣ ಬಿಟ್ಟಿದ್ದರು. ಆ ಎರಡೂ ಮನೆಗಳ ಮುಂದೆ ಕಾರು ಒಂದೇ ಏಟಿಗೆ ಚಾಲೂ ಆಗಿತ್ತು. ಹಾಗಾಗಿ ಊರಿನಲ್ಲಿ ಯಾರೂ ಆ ಮನೆಗಳ ಮಾತು ಎತ್ತುತ್ತಿರಲಿಲ್ಲ.

ಓದುವುದನ್ನು ನಿಲ್ಲಿಸಿ ಬಾಯಾರು ಕನ್ನಡಕ ತೆಗೆದರು. "ಜಡ್ಡ ಭಾಳ ಇದ್ದಲ್ಲೆ ನಾನ ಹೆಚ್ಚ ಹೊತ್ತು ಕೂತಿರತಿದ್ದೆನಲ್ಲಾ, ಮಿಸ್ತ್ರಿ," ಎಂದರು ಮೆಲ್ಲಗೆ.

"ಹೌದ್ರಿ ಬಾಯಾರ. ಗಾಡಿಗೆ ಸಾಯೂದು ಬದುಕೂದು ಏನ್ ಗೊತ್ತ್ರಿ? ಅದಕ್ಕ ಇಪ್ಪತ್ತು ಮಿನೀಟ ಅಷ್ಟ ಗೊತ್ತೈತಿ."

 ನಾಲ್ಕು ತಿಂಗಳು ಒಂದು ಊರನ್ನೇ ಅಂಜಿಸಿದ್ದ ಯಮನನ್ನು ಈ ಮುದುಕರು ಕಾರನ್ನು ಮುಟ್ಟದೆ, ಒಂದು ಡೈರಿಯಿಂದ ಹೊರಗೆಳೆದು ನಮ್ಮ ಮುಂದೆ ಕೂಡಿಸಿದ್ದರು. ಆ ಡೈರಿ ಅಷ್ಟೂ ದಿನ ಆ ಮೇಜಿನ ಮೇಲೆಯೇ ಇತ್ತು. ನಾನೂ ಎಷ್ಟೋ ಸಲ ಅದರ ಪಕ್ಕದಲ್ಲೇ ಚಹಾದ ಕಪ್ಪು ಇಟ್ಟಿದ್ದೆ.

ಆದರೆ ರೋಗ ಯಾವ ಹೊತ್ತಿಗೆ ಬರುತ್ತದೆ ಎಂದು ಗೊತ್ತಾಯಿತೇ ಹೊರತು ಎಲ್ಲಿದೆ ಎಂದು ಇನ್ನೂ ತಿಳಿದಿರಲಿಲ್ಲ. ಅಂದು ಬಾಯಾರು ರೋಗಿಗಳ ಮನೆ ಸುತ್ತಲು ಹೊರಟಾಗ ನಾನೂ ಮಕ್ತುಂಸಾಬರೂ ಕಾರಿನಲ್ಲಿ ಕೂತೆವು. ಎರಡು ಮನೆ ಮುಗಿದವು, ಕಾರು ತಕರಾರಿಲ್ಲದೆ ಎದ್ದಿತು. ಮೂರನೆಯದು ಬಡಿಗೇರ ಮೌನೇಶಪ್ಪನದು. ಉಳಿ ಜಾರಿ ಅವನ ಹೆಬ್ಬೆರಳಿಗೆ ಗಾಯವಾಗಿತ್ತು, ಪಟ್ಟಿ ಬದಲಿಸುವುದು ಐದು ನಿಮಿಷದ ಕೆಲಸ. ಮಕ್ತುಂಸಾಬರು ಬಾಯಾರಿಗೆ, "ಇಲ್ಲಿ ಇಪ್ಪತ್ತು ಮಿನೀಟ ಕುಂದರ್ರಿ. ಚಹಾ ಕೇಳಿ ಕುಡೀರಿ," ಎಂದರು. ಯಾರ ಮನೆಯಲ್ಲೂ ಚಹಾ ಕುಡಿಯದ ಬಾಯಾರು ಅಂದು ಕೇಳಿ ಕುಡಿದರಂತೆ.

ಇಪ್ಪತ್ತು ನಿಮಿಷಕ್ಕೆ ಬಂದು ಕೂತರು. ಫಕೀರಪ್ಪ ಸೆಲ್ಫ್ ಎಳೆದ. ಎಂಜಿನ್ ತಿರುಗಿತು, ತಿರುಗಿತು, ಹಿಡಿಯಲಿಲ್ಲ. ನಾನು ಇಳಿದು ಬಾನೆಟ್ ಎತ್ತಿದೆ. ಎತ್ತಿದ್ದೇ ತಡ, ಮೌನೇಶಪ್ಪನ ಹೆಂಡತಿ ಬಾಗಿಲಲ್ಲೇ ಕುಸಿದು ಕೂತು ಅಳತೊಡಗಿದಳು. ಓಣಿಯಲ್ಲಿ ಕಿಟಕಿಗಳು ತೆರೆದವು. ಮೌನೇಶಪ್ಪ ಪಟ್ಟಿ ಕಟ್ಟಿದ ಬೆರಳನ್ನು ಮೇಲೆ ಹಿಡಿದುಕೊಂಡು ಹೊರಗೆ ಬಂದ.

"ಬಾಯಾರ, ಹೆಬ್ಬೆರಳಿಗೂ ಸಾಯ್ತಾರೇನ್ರಿ?" ಎಂದ. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಮನ್ಯಾಗ ಹೋಗಿ ಕುಂದ್ರೋ ಮಾರಾಯಾ. ಸತ್ತರ ನಾ ಹೇಳಿ ಕಳಸ್ತೇನಿ," ಎಂದರು ಬಾಯಾರು. ಅವರು ನಗೆಯಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಫಕೀರಪ್ಪ ತನ್ನ ಪದ್ಧತಿಯಂತೆ ಎಕ್ಸಿಲರೇಟರನ್ನು ಮೂರು ಸಲ ತುಳಿದು, ಸ್ಟೇರಿಂಗ್ ಮುಟ್ಟಿ ಹಣೆಗೆ ಒತ್ತಿಕೊಂಡು ಮತ್ತೆ ಸೆಲ್ಫಿಗೆ ಕೈ ಹಾಕಿದ. ಅವನಿಗೆ ಗಾಡಿ ಕಲಿಸಿದವರು ಹಾಗೆ ಕಲಿಸಿದ್ದರು. ಮಕ್ತುಂಸಾಬರು ಕೈ ಅಡ್ಡ ಹಿಡಿದರು.

"ತುಳೀಬ್ಯಾಡೋ ತಮ್ಮಾ. ಮುಂಜಾನಿ ತಣ್ಣಗಿದ್ದಾಗ ಅದು ಖರೆ. ಈಗ ಉಂಡು ಹೊಟ್ಟಿ ಉಬ್ಬರಿಸಿದಾವನ ಬಾಯಾಗ ಮತ್ತ ಮೂರು ತುತ್ತು ತುರುಕಿದಂಗ ಆಗತೈತಿ."

ನನ್ನಿಂದ ಒಂದು ಪ್ಲಗ್ಗಿನ ವೈರು ಬಿಡಿಸಿ ಕಬ್ಬಿಣದ ಹತ್ತಿರ ಹಿಡಿಸಿದರು. ಸೆಲ್ಫ್ ತಿರುಗಿದಾಗ ನೀಲಿ ಕಿಡಿ ಚಟಚಟನೆ ಹಾರಿತು. "ಕಿಡಿ ಐತಿ. ಅದರ ಚಿಂತಿ ಬಿಡು," ಎಂದರು. ಹೊಸ ಕಾಯಿಲ್, ಹೊಸ ಪ್ಲಗ್, ನನ್ನ ಅರ್ಧ ಕೆಲಸ ಆ ಒಂದು ಮಾತಿಗೆ ವ್ಯರ್ಥವಾಯಿತು. ಆಮೇಲೆ ಕಾರ್ಬ್ಯುರೇಟರಿನ ಮೇಲಿನ ಗಾಳಿಡಬ್ಬಿ ತೆಗೆಸಿದರು. ನಾನು ಒಳಗೆ ಇಣುಕಲು ಹೋದರೆ ತೋಳು ಹಿಡಿದರು.

"ಕಣ್ಣು ಆಮ್ಯಾಲ. ಮೊದಲ ಕಿವಿ ಇಡು."

ಕಿವಿಯಿಟ್ಟೆ. ಎಂಜಿನ್ ನಿಂತು ಅರ್ಧ ಗಂಟೆಯಾಗುತ್ತ ಬಂದಿತ್ತು. ಆದರೂ ಒಳಗೆ ಏನೋ ಸದ್ದು. ಒಲೆಯ ಮೇಲೆ ಅಕ್ಕಿ ಕುದಿಯಲು ಶುರುವಾಗುವ ಸದ್ದು. ಕಾರ್ಬ್ಯುರೇಟರಿನ ಹೊಟ್ಟೆಯಲ್ಲಿ ಪೆಟ್ರೋಲ್ ಕೊತಕೊತ ಕುದಿಯುತ್ತಿತ್ತು. ಇಣುಕಿ ನೋಡಿದರೆ ಗಂಟಲಿನ ಸಣ್ಣ ನಳಿಗೆಯಿಂದ ಯಾರೂ ಕೇಳದೆ ಹನಿಹನಿಯಾಗಿ ಎಂಜಿನ್ನಿನೊಳಕ್ಕೆ ಇಳಿಯುತ್ತಿತ್ತು. ಹದಿನಾರು ವರ್ಷದಿಂದ ನಾನು ಕಾರುಗಳ ನಡುವೆ ಬದುಕಿದವನು, ನಿಂತ ಎಂಜಿನ್ನಿನೊಳಗೆ ಇಷ್ಟೊಂದು ನಡೆಯುತ್ತಿರುತ್ತದೆ ಎಂದು ಎಂದೂ ಊಹಿಸಿರಲಿಲ್ಲ. ಅಂಥ ಬೆರಗು ನನಗೆ ಮತ್ತೆ ಆಗಿಲ್ಲ.

"ಬಂದ್ ಮಾಡಿದ ಕೂಡಲೆ ತಣ್ಣಗಾಗತೈತಿ ಅಂತ ತಿಳದಿದ್ದಿ ಹೌದಿಲ್ಲೋ?" ಎಂದರು ಅವರು. "ಓಡೂಮುಂದ ನೀರು ತಿರಗತೈತಿ, ಫ್ಯಾನಿನ ಗಾಳಿ ಬಡೀತೈತಿ. ನಿಂತ ಮ್ಯಾಲ ಎರಡೂ ಇಲ್ಲ. ಒಳಗಿನ ಕಾವೆಲ್ಲಾ ಮ್ಯಾಲೆ ಏರತೈತಿ. ಐದು ಮಿನೀಟಿಗೆ ಇನ್ನೂ ಏರಿರೂದಿಲ್ಲ. ತಾಸಿಗೆ ಇಳದಿರತೈತಿ. ಇಪ್ಪತ್ತಕ್ಕ ಹೊಡೆತ. ಪೆಟ್ರೋಲ್ ಕಮ್ಮಿ ಆಗಿ ಅಲ್ಲ, ಹೆಚ್ಚಾಗಿ ಗಾಡಿ ಉಸರುಗಟ್ಟೇತಿ."

ನಂತರ ಫಕೀರಪ್ಪನಿಗೆ, "ಒಂದ ಸಲ ಪೂರಾ ತಳಕ್ಕ ತುಳಿ. ಕಾಲು ಎತ್ತಬ್ಯಾಡ, ಪಂಪು ಹೊಡದಂಗ ಮಾಡಬ್ಯಾಡ. ಹಂಗ ಹಿಡದು ಸೆಲ್ಫ್ ಎಳಿ," ಎಂದರು. ಎಂಜಿನ್ ನಾಲ್ಕು ಸುತ್ತು ತಿರುಗಿ ಕೆಮ್ಮಿತು, ಹಿಂದಿನಿಂದ ಕರಿ ಹೊಗೆ ಉಗುಳಿತು, ಚಾಲೂ ಆಯಿತು. ಮೌನೇಶಪ್ಪನ ಹೆಂಡತಿ ಅಳು ನಿಲ್ಲಿಸಿದಳು.

ಫಕೀರಪ್ಪ ಕಾರು ಹೊರಡಿಸುವ ಮೊದಲು ಮಕ್ತುಂಸಾಬರು ಎಂಜಿನ್ ಬಂದ್ ಮಾಡಿಸಿದರು. ಹೆಗಲ ಮೇಲಿನ ವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಕಾರ್ಬ್ಯುರೇಟರಿನ ಬುಡವನ್ನು ತಡವಿದರು. ಅವರ ನಡುಗುವ ಬೆರಳು ಒಂದು ನಟ್ಟಿನ ಮೇಲೆ ನಿಂತಿತು.

"ಇಲ್ಲಿ ಮೂರು ಮೂರು ವಾಷರ್ ಯಾಕ ಅದಾವ?" ಎಂದರು, ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ.

 ಶಿವರಾತ್ರಿಯ ವಾರದಲ್ಲಿ ಆ ಕಾರ್ಬ್ಯುರೇಟರ್ ಬಿಚ್ಚಿ ತೊಳೆದವನು ನಾನೇ. ಅದಕ್ಕೂ ಎಂಜಿನ್ನಿಗೂ ನಡುವೆ ಹೆಬ್ಬೆರಳು ದಪ್ಪದ ಒಂದು ಕಪ್ಪು ಪ್ಯಾಕಿಂಗ್ ಇತ್ತು. ಬಿಚ್ಚುವಾಗ ಸೀಳಿತು. ಬರೀ ಸಂದಿ ಮುಚ್ಚಲು ಇಷ್ಟು ದಪ್ಪ ಯಾತಕ್ಕೆ ಎಂದು ಅದನ್ನು ಬಿಸುಟು, ಬೂಟಿನ ಡಬ್ಬಿಯ ರಟ್ಟನ್ನು ಅಚ್ಚುಕಟ್ಟಾಗಿ ಕತ್ತರಿಸಿ ಕೂಡಿಸಿದ್ದೆ. ಬೋಲ್ಟುಗಳು ಉದ್ದವಾದವು, ಅದಕ್ಕೆ ಮೂರು ಮೂರು ವಾಷರ್ ಪೋಣಿಸಿದ್ದೆ. ಎಷ್ಟು ನೀಟಾದ ಕೆಲಸ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಕೆಳಗಿನ ಕಾವು ಮೇಲೆ ಬರದಂತೆ ತಡೆಯಲೆಂದೇ ಅದು ದಪ್ಪವಿತ್ತು ಎಂದು ನನಗೆ ಹೊಳೆದಿರಲಿಲ್ಲ. ಅದಾಗಿ ಎರಡೇ ದಿನಕ್ಕೆ ಕಾರು ಕಾಳಪ್ಪನ ಮನೆಯ ಮುಂದೆ ನಿಂತಿತ್ತು.

"ಯಾರರ ಮಾಡಿರಲಿ, ಕೈ ಅಚ್ಚುಕಟ್ಟೈತಿ," ಎಂದರು ಮಕ್ತುಂಸಾಬರು. ಯಾರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಮನೆಗಳಲ್ಲಿ ಯಾರಾದರೂ ರೋಗಕ್ಕಿಂತ ಹೆಚ್ಚಾಗಿ ಆ ಎದ್ದ ಬಾನೆಟ್ಟಿನ ಅಂಜಿಕೆಗೇ ಸೋತರೋ ಎಂಬ ಪ್ರಶ್ನೆ ಆ ಕ್ಷಣ ನನ್ನೊಳಗೆ ಹೊಕ್ಕಿತು. ಅದು ಇಂದಿಗೂ ಹೊರಗೆ ಹೋಗಿಲ್ಲ.

ಆ ಮಧ್ಯಾಹ್ನ ಹಳೆಯ ಕರೆಂಟು ಬೋರ್ಡಿನ, ಕಾವು ದಾಟಗೊಡದ ಕಪ್ಪು ಹಲಗೆಯನ್ನು ಕೊಯ್ದು, ಅರದಿಂದ ಉಜ್ಜಿ, ತೂತು ಕೊರೆದು ಹೊಸ ಪ್ಯಾಕಿಂಗ್ ಮಾಡಿದೆ. ಅವರು ಅದನ್ನು ಕೆನ್ನೆಗೆ ಹಚ್ಚಿ ಸಮ ಇದೆಯೋ ಇಲ್ಲವೋ ನೋಡಿದರು, ಎರಡು ಸಲ ಮತ್ತೆ ಉಜ್ಜಿಸಿದರು. ಈ ಸಲ ಒಂದೂ ಹೆಚ್ಚಿನ ವಾಷರ್ ಬೇಕಾಗಲಿಲ್ಲ. ಸಂಜೆಯ ಬೆಳಕಿರುವಾಗಲೇ ಕಾರನ್ನು ಓಡಿಸಿ, ಕಾಯಿಸಿ, ಇಪ್ಪತ್ತು ನಿಮಿಷ ನಿಲ್ಲಿಸಿ ನೋಡಿದೆವು. ಎದ್ದಿತು. ಬಾಯಾರಿಗೆ ಖಾತ್ರಿ ಕೊಟ್ಟೆ. ರಟ್ಟಿನ ವಿಷಯ ಮಾತ್ರ ನುಂಗಿಕೊಂಡೆ.

ಮರುದಿನ ಬೆಳಗ್ಗೆ ನಾವು ನಾಲ್ವರೂ ಕಲ್ಲುಗಣಿಗೆ ಹೋದೆವು. ಅಕ್ಕನ ಅತ್ತೆ ಬಾಳವ್ವ ಕಾರು ಕಂಡದ್ದೇ ಅಂಗಳಕ್ಕೆ ಬಂದು ಎರಡೂ ಕೈ ಚಾಚಿ ನಿಂತಳು. ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವರು ಸುತ್ತಿಗೆ ಕೆಳಗಿಟ್ಟು ಬಂದು ನೆರೆದರು.

"ಅತ್ತಿ, ಗಾಡಿ ರಿಪೇರಿ ಆಗೇತಿ," ಎಂದೆ.

"ನಾಕ ತಿಂಗಳಾತು, ನೀನ ರಿಪೇರಿ ಮಾಡಾಕತ್ತೀದಿ. ತಿರಗಿಸಿಕೊಂಡು ಹೋಗೋ ಯಪ್ಪಾ. ಕೈ ಮುಗೀತೀನಿ."

 ಕಾವು, ಪೆಟ್ರೋಲ್, ಇಪ್ಪತ್ತು ನಿಮಿಷ ಎಂದು ಏನೇನೋ ಹೇಳಿದೆ. ಅವಳು ಕದಲಲಿಲ್ಲ. ಒಳಗಿನಿಂದ ಅಕ್ಕನ ಅಳು ಕೇಳಿಸಿತು, ಅದರ ಜೊತೆಗೆ ಎಳೆಗೂಸಿನದೂ. ಬಾಯಾರು ಚೀಲ ಹಿಡಿದು ನಿಂತಿದ್ದರು. ನಾನು ಮಕ್ತುಂಸಾಬರ ಕಡೆ ನೋಡಿದೆ. ಅವರು ಹಿಂದಿನ ಸೀಟಿನಲ್ಲಿ ಕೂತು ಕಲ್ಲಿನ ರಾಶಿಯ ಕಡೆ ನೋಡುತ್ತಿದ್ದರು. ಅವರು ಬಾಯಿ ಬಿಟ್ಟರೆ ಕೆಲಸವಾಗುತ್ತಿತ್ತು, ಆದರೆ ಆ ಮಾತು ಆಡಬೇಕಾದವನು ನಾನು.

"ಗಾಡ್ಯಾಗ ಯಾವ ದೆವ್ವಾನೂ ಇಲ್ಲ ಅತ್ತಿ. ಅದನ್ನ ಕೆಡಿಸಿದಾವ ನಾನ," ಎಂದೆ, ಒಳಗೂ ಕೇಳಿಸುವಂತೆ ಗಟ್ಟಿಯಾಗಿ. "ದಪ್ಪ ಪ್ಯಾಕಿಂಗ್ ಇರೂ ಕಡೆ ಬೂಟಿನ ಡಬ್ಬಿ ರಟ್ಟು ಹಾಕಿದ್ದೆ. ಅದಕ್ಕ ಗಾಡಿ ಕಾದು ನಿಂದರತಿತ್ತು. ಅಷ್ಟೂ ಮನಿ ಮುಂದ ನಿಂತದ್ದು ನನ್ನ ತಪ್ಪಿನಿಂದ. ನಿನ್ನಿ ಗೊತ್ತಾತು. ನಿನ್ನಿನ ತಗದು ಒಗದೀನಿ."

ಫಕೀರಪ್ಪ ಬಾಯಿ ತೆರೆದು ನನ್ನನ್ನೇ ನೋಡಿದ. ಬಾಯಾರೂ ನೋಡಿದರು. ಅವರ ದೃಷ್ಟಿಯನ್ನು ಎದುರಿಸಲಾರದೆ ನಾನು ತಲೆ ತಗ್ಗಿಸಿದೆ. 

ಒಳಗಿನಿಂದ ಸಣ್ಣ ದನಿಯೊಂದು ಬಂತು. "ರಟ್ಟೇನೋ ತಮ್ಮಾ?"

"ಹೌದಕ್ಕಾ. ಬೂಟಿನ ಡಬ್ಬೀದು."

ಮತ್ತೆ ಅಳು ಎಂದುಕೊಂಡೆ. ಅಳುವಲ್ಲ, ನಿಶ್ಶಕ್ತಿಯಲ್ಲಿ ತಡೆತಡೆದು ಬರುತ್ತಿದ್ದ ನಗು. "ಸಣ್ಣಾಂವ ಇದ್ದಾಗಿಂದ ಹಿಂಗ ನೀ. ಬಾಯಾರಿಗೆ ಒಳಗ ಬರ ಹೇಳ್ರಿ," ಎಂದಳು ಅಕ್ಕ. ಬಾಳವ್ವ ಚಾಚಿದ ಕೈಗಳನ್ನು ನಿಧಾನವಾಗಿ ಇಳಿಸಿದಳು.

ಬಾಯಾರು ಒಳಗೆ ಇಪ್ಪತ್ತಾರು ನಿಮಿಷ ಇದ್ದರು. ಅಷ್ಟೂ ಹೊತ್ತು ಇಡೀ ವಸತಿ ಮುಚ್ಚಿದ ಬಾನೆಟ್ಟನ್ನೇ ನೋಡುತ್ತ ನಿಂತಿತ್ತು. ಅವರು ಹೊರಬಂದು ಕೂತರು. ಫಕೀರಪ್ಪ ಮೂರು ಸಲ ತುಳಿಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡು ಸೆಲ್ಫ್ ಎಳೆದ. ಎಂಜಿನ್ ಒಂದೇ ಏಟಿಗೆ ಹಿಡಿಯಿತು. ಜನರಲ್ಲಿ ಯಾರೋ ಉಸಿರು ಬಿಟ್ಟರು. ಒಳಗಿನಿಂದ ಅಕ್ಕನ ದನಿ, "ಬಂದ್ ಮಾಡಿ ಮತ್ತೊಮ್ಮೆ ಚಾಲೂ ಮಾಡಸೋ ತಮ್ಮಾ."

ಮಾಡಿಸಿದೆ. ಮತ್ತೆ ಹಿಡಿಯಿತು. "ಇನ್ನೊಮ್ಮೆ," ಎಂದಳು. ಮೂರನೆಯ ಸಲಕ್ಕೆ ನೋಡಲು ಜನ ಉಳಿದಿರಲಿಲ್ಲ. ಗಂಡಸರು ಗಣಿಯ ಕಡೆ ನಡೆದಿದ್ದರು, ಬಾಳವ್ವ ಗಂಜಿಗೆ ನೀರಿಡಲು ಒಳಗೆ ಹೋಗಿದ್ದಳು.

ಬಾಯಾರು ಹನ್ನೆರಡು ದಿನ ಆ ಕಾರಿನಲ್ಲೇ ಆ ಬಾಗಿಲಿಗೆ ಬಂದರು, ಅಕ್ಕ ಉಳಿದಳು. ರಟ್ಟಿನ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಕೆಲವರು ಆಮೇಲೆ ನನ್ನ ಗ್ಯಾರೇಜಿನ ಮೆಟ್ಟಿಲು ಹತ್ತಲಿಲ್ಲ. ಬಾಯಾರು ಮಾತ್ರ ಎಂದೂ ಆ ಮಾತೆತ್ತದೆ ಕಾರನ್ನು ನನ್ನಲ್ಲಿಗೇ ಕಳಿಸುತ್ತಿದ್ದರು.

ಆ ಬೆಳಗ್ಗೆ, ಕಾರು ಮೂರನೆಯ ಸಲ ಚಾಲೂ ಆದಾಗ, ನನಗೆ ಮಕ್ತುಂಸಾಬರ ಮುಖ ನೋಡಬೇಕೆನಿಸಿತು. ಹಿಂದಿನ ಬಾಗಿಲು ತೆರೆದು ಬಗ್ಗಿದೆ. ಅವರು ನಿದ್ದೆ ಹೋಗಿದ್ದರು. ಮೊದಲ ಸಲ ಸೆಲ್ಫ್ ಎಳೆಯುವುದಕ್ಕೂ ಎಷ್ಟೋ ಮುಂಚೆಯೇ ನಿದ್ದೆ ಹೋಗಿರಬೇಕು. ತಲೆ ಆಚೆಯ ಕಿಟಕಿಗೆ ಒರಗಿತ್ತು, ತುಸು ತೆರೆದ ಬಾಯಿಂದ ಸಣ್ಣ ಗೊರಕೆ ಬರುತ್ತಿತ್ತು, ಎಂಜಿನ್ನಿನ ಕಂಪನಕ್ಕೆ ಅವರ ಬಿಳಿಯ ಗಡ್ಡ ಸಣ್ಣಗೆ ಅಲುಗುತ್ತಿತ್ತು. ನಾನು ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ.